ಆವರಗೆರೆಯಾಚೆಯ ಬೂದಿ ರಸ್ತೆ

ಎರೆ ಮಣ್ಣಿನ ಗುಣ ತಿಳಿಯಲು ನಮ್ಮ ಪ್ರಯೋಗಾಲಯದಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಿದ್ದೆವು. ಎರಡು ಗಾಜಿನ ಜಾಡಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಎರಡಕ್ಕೂ ಸಮನಾಗಿ ಸುರಿದು ಮರುದಿನದ ತನಕ ಬಿಟ್ಟುಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ತಳದಲ್ಲಿ ತೆಪ್ಪಗೆ ಕೂತಿರುತ್ತದೆ. ನೀರಿನ ಜಾಡಿಯಲ್ಲಿ ಅದೇ ಮಣ್ಣು ಉಬ್ಬಿಕೊಂಡು ಮೇಲೆ ಬಂದಿರುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಇದನ್ನೇ. ನಾವು ರಸ್ತೆ ಕಟ್ಟುವುದು ಈ ಉಬ್ಬುವ ಮಣ್ಣಿನ ಮೇಲೆ, ಇಷ್ಟು ತಿಳಿದುಕೊಂಡರೆ ಉಳಿದದ್ದನ್ನು ಪುಸ್ತಕ ನೋಡಿ ಕಲಿಯಬಹುದು ಎನ್ನುತ್ತಿದ್ದೆ.

ನಾನು ಹುಟ್ಟಿದ್ದು ಹರಿಹರದಲ್ಲಿ. ಕೆಲಸ ಮಾಡಿದ್ದು ಹೆಚ್ಚಾಗಿ ದಾವಣಗೆರೆಯಲ್ಲಿ, ರಸ್ತೆಗಳ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್ ಆಗಿ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನು ಮಾಡಿ, "ಮೇಡಂ, ಆ ಬೂದಿ ರಸ್ತೆ ಕಥೆ ಏನು?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಬರೆದಿಡೋಣ ಎನ್ನಿಸಿತು. ಬರೆಯಲು ಕೂತಾಗಿನಿಂದ ಆ ದಿನಗಳು ಎಷ್ಟು ಬೇಕಾಗಿವೆ ಎಂಬುದು ನನಗೇ ಗೊತ್ತಾಗುತ್ತಿದೆ.

ನಮ್ಮ ಪ್ರಯೋಗಾಲಯವೆಂದರೆ ಕಚೇರಿಯ ಹಿಂದಿದ್ದ ಒಂದು ತಗಡಿನ ಶೆಡ್ಡು. ಬೇಸಿಗೆಯಲ್ಲಿ ಒಳಗೆ ಕಾಲಿಡುವಂತಿರಲಿಲ್ಲ. ಮಣ್ಣಿನ ಜಿಗುಟು ಅಳೆಯಲು ಗಾಜಿನ ಹಲಗೆಯ ಮೇಲೆ ಅದನ್ನು ಶಾವಿಗೆ ಎಳೆಯ ಹಾಗೆ ಅಂಗೈಯಲ್ಲಿ ಹೊಸೆಯಬೇಕು. ಎಳೆ ಎಷ್ಟು ಸಣ್ಣಗಾದಾಗ ತುಂಡಾಗುತ್ತದೆ ಎಂಬುದೇ ಲೆಕ್ಕ. ಎರೆ ಮಣ್ಣಿನ ಎಳೆ ಬೇಗ ತುಂಡಾಗುವುದೇ ಇಲ್ಲ. ಮನೆಗೆ ಹೋದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿರುತ್ತಿತ್ತು. ವಿದ್ಯಾನಗರದ ನಮ್ಮ ಮನೆಯ ಓನರಮ್ಮ ಬಹಳ ದಿನ ನಾನು ಹೊಲದ ಕೆಲಸಕ್ಕೆ ಹೋಗುತ್ತೇನೆಂದೇ ತಿಳಿದಿದ್ದರು.

ಆಗ ನಮ್ಮ ಮೇಲಧಿಕಾರಿಯಾಗಿ ಬಂದವರು ರುದ್ರಮುನಿ ಸಾಹೇಬರು. ಎತ್ತರದ ಆಳು, ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ. ಕಚೇರಿಯ ಕುರ್ಚಿಯಲ್ಲಿ ಅವರನ್ನು ನೋಡಿದವರು ಕಮ್ಮಿ. ಬಂದ ವಾರದಲ್ಲೇ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು, ದಾವಣಗೆರೆಯ ಅಂಚಿನ ಆವರಗೆರೆಯಾಚೆ ಒಂದು ಹಳ್ಳಿಗೆ ಹೋಗುವ ರಸ್ತೆಗೆ ಕರೆದುಕೊಂಡು ಹೋದರು. ಆ ರಸ್ತೆಯನ್ನು ಪ್ರತಿ ಬೇಸಿಗೆಯಲ್ಲಿ ಮಾಡುತ್ತಿದ್ದೆವು, ಪ್ರತಿ ಮಳೆಗಾಲದಲ್ಲಿ ಅದು ಹೋಗುತ್ತಿತ್ತು. ಮೇಲೆ ಎಷ್ಟು ಜಲ್ಲಿ ಸುರಿದರೂ ಕೆಳಗಿನ ಎರೆ ಅದನ್ನು ನುಂಗಿಬಿಡುತ್ತಿತ್ತು. ಹಾಲಿನ ಗಾಡಿ ಹೂತು, ಹಾಲು ಒಡೆದು, ಊರಿನವರು ನಮ್ಮ ಕಚೇರಿಯ ಮುಂದೆ ಬಂದು ಕೂತದ್ದೂ ಇತ್ತು.

ಸಾಹೇಬರು ಬಿರುಕಿನಿಂದ ಒಂದು ಹೆಂಟೆ ಎತ್ತಿ ನನ್ನ ಕೈಗೆ ಕೊಟ್ಟರು. "ಈ ಮಣ್ಣು ತೆಗೆದು ಬ್ಯಾರೆ ಮಣ್ಣು ತುಂಬಾಕೆ ನಮ್ಮತ್ರ ಆಗಲ್ಲಮ್ಮ. ಇದನ್ನೇ ರಿಪೇರಿ ಮಾಡ್ಬೇಕು. ಊರಾಗೆ ಯಾರಿಗೂ ಬ್ಯಾಡಾದ ವಸ್ತು ಏನೇನೈತೆ, ಹುಡುಕು."

ನಮ್ಮ ಸೀಮೆಯಲ್ಲಿ ಬೇಡವಾದ ವಸ್ತುವಿಗೆ ಏನು ಕೊರತೆ? ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳಲ್ಲಿ ಒಲೆಗೆ ಭತ್ತದ ಹೊಟ್ಟು ಉರಿಸುತ್ತಿದ್ದರು. ಅದರ ಬೂದಿ ಭಟ್ಟಿಗಳ ಹಿಂದೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತಿತ್ತು. ಗಾಳಿ ಬಂದರೆ ಅಕ್ಕಪಕ್ಕದವರ ಒಣಹಾಕಿದ ಬಟ್ಟೆ, ಹಪ್ಪಳ, ಎಲ್ಲದರ ಮೇಲೂ ಬೂದಿ. ಇತ್ತ ಹರಿಹರದಲ್ಲಿ, ವೆಲ್ಡಿಂಗಿಗೆ ಬೇಕಾದ ಗ್ಯಾಸು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಹಿಂದೆ ಹೊಂಡದ ತುಂಬ ಸುಣ್ಣದ ಕೆಸರು. ಗ್ಯಾಸು ತೆಗೆದ ಮೇಲೆ ಉಳಿಯುವ ಕಸವದು. ಹತ್ತಿರ ಹೋದರೆ ಬೆಳ್ಳುಳ್ಳಿ ಜಜ್ಜಿದಂಥ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತಿತ್ತು.

ಎರಡನ್ನೂ ಎರೆ ಮಣ್ಣಿಗೆ ಕಲಸಿ ನೋಡಿದೆ. ಮೊದಲ ಸಲ ಕಲಸಿದ ದಿನವನ್ನು ನಾನು ಮರೆಯಲಾರೆ. ಕೈಗಂಟಿ ಬಿಡದ ಮಣ್ಣು ನೋಡನೋಡುತ್ತಿದ್ದಂತೆ ಜಿಗುಟು ಬಿಟ್ಟು, ರವೆಯ ಹಾಗೆ ಉದುರುದುರಾಯಿತು. ಅದನ್ನು ಅಚ್ಚಿನಲ್ಲಿ ಕುಟ್ಟಿ, ದಿನಗಟ್ಟಲೆ ನೀರಿನಲ್ಲಿ ನೆನೆಸಿಟ್ಟು, ಒತ್ತಿ ನೋಡಿದರೆ ಗಟ್ಟಿಯಾಗಿ ನಿಂತಿತ್ತು. ಸಾಹೇಬರನ್ನು ಕರೆದೆ. ಅವರು ಹೆಬ್ಬೆರಳಿನಿಂದ ಒತ್ತಿದರು, ಮತ್ತೆ ಒತ್ತಿದರು. "ಟೀ ತರಿಸಮ್ಮ" ಎಂದರು. ಅವರಿಂದ ನಾನು ಕೇಳಿದ ದೊಡ್ಡ ಮೆಚ್ಚುಗೆ ಅದು.

ಬೂದಿಯಲ್ಲೂ ಒಂದು ಗುಟ್ಟಿದೆ. ಅರೆಬೆಂದ ಕರಿ ಬೂದಿ ಈ ಕೆಲಸಕ್ಕೆ ಬರುವುದಿಲ್ಲ. ಹದವಾಗಿ ಉರಿದ ತಿಳಿ ಬೂದು ಬಣ್ಣದ್ದು ಬೇಕು. ಅದನ್ನು ಬೇರೆ ಮಾಡಿ ಕೊಡುವವರು ಯಾರು ಎಂದು ಭಟ್ಟಿಯಿಂದ ಭಟ್ಟಿಗೆ ಅಲೆದೆ. ಬಹಳ ಜನ ನಕ್ಕರು. ಒಪ್ಪಿದವರು ಖಾಸಿಂ ಸಾಬರು. ಅಪ್ಪನ ಕಾಲದಿಂದ ಭಟ್ಟಿ ನಡೆಸುತ್ತಿದ್ದವರು. ಹೊಗೆಯಿಂದ ಕಣ್ಣುಗಳು ಸದಾ ಕೆಂಪಾಗಿರುತ್ತಿದ್ದವು.

"ನಮ್ಮ ಬೂದಿ ಬಗ್ಗೆ ಜಗಳ ಮಾಡಾಕೆ ಬಂದೋರೇ ಎಲ್ಲ. ಬೂದಿ ಕೊಡ್ರಿ ಅಂತ ಬಂದೋರು ನೀವೇ ಮೊದ್ಲು ಮೇಡಂ," ಎಂದರು. "ತಗಂಡು ಹೋಗ್ರಿ. ಆದ್ರೆ ಒಂದು ಹೇಳ್ರಿ, ಇದರ ಮ್ಯಾಲೆ ಗಾಡಿ ಓಡ್ತಾವಾ?"

"ಓಡ್ತಾವೆ ಖಾಸಿಂ ಸಾಬ್ರೆ."

"ಹಂಗಾದ್ರೆ ಒಂದು ದಿನ ನಮ್ಮ ಮನೆಯಾಕೆನ್ನ ಕರ್ಕಂಡು ಹೋಗಿ ತೋರಸ್ತೀನಿ. ಈ ಬೂದಿ ಗುಡಿಸಿ ಗುಡಿಸಿ ಆಕಿ ಸೊಂಟ ಹೋಗೈತೆ."

ನಾನು ಹೊರಡುವಾಗ ಬಿಸಿ ಮಂಡಕ್ಕಿ ಒಂದು ಚೀಲ ಕೊಟ್ಟರು. ಆಮೇಲೆ ಹೋದಾಗಲೆಲ್ಲ ಕೊಟ್ಟರು. ಬೇಡವೆಂದರೆ ಮುಖ ಸಣ್ಣ ಮಾಡುತ್ತಿದ್ದರು.

ಇನ್ನು ನಮ್ಮ ಮೊದಲ ಪ್ರಯತ್ನ ಹೇಗೆ ಕೆಟ್ಟಿತು ಎಂಬುದನ್ನು ಹೇಳಬೇಕು, ಹೊಸಬರು ಮುಖ್ಯವಾಗಿ ಓದಬೇಕಾದದ್ದು ಇದೇ. ಬೇಸಿಗೆಯ ಕೊನೆಯಲ್ಲಿ ಆ ರಸ್ತೆಯ ಒಂದು ತುಂಡನ್ನು ಉತ್ತು, ಹೆಂಟೆ ಒಡೆದು, ಬೂದಿ ಹರಡಿ, ಸುಣ್ಣ ಬೆರೆಸಿ, ರೋಲರ್ ಓಡಿಸಿದೆವು. ನೋಡಲು ಚೆನ್ನಾಗಿಯೇ ಇತ್ತು. ಮೇಲೆ ಜಲ್ಲಿ ಬಿತ್ತು, ಡಾಂಬರು ಬಿತ್ತು. ಮಳೆ ಹಿಡಿಯಿತು. ತಿಂಗಳು ತುಂಬುವುದರೊಳಗೆ ರಸ್ತೆ ಅಲೆ ಎದ್ದಂತೆ ಏರುಪೇರಾಯಿತು. ಆಮೇಲೆ ಡಾಂಬರು ಬಿರಿದು ಕೆಸರು ಮೇಲೆ ಉಕ್ಕಿತು. ಆ ಕೆಸರಿನಲ್ಲಿ ಗಂಗಮ್ಮ ಎನ್ನುವವರ ಮೊಪೆಡ್ ಜಾರಿತು. ಬೆಳಗಿನ ಜಾವ ಸೊಪ್ಪು ಹೇರಿಕೊಂಡು ದಾವಣಗೆರೆಯ ಮಾರ್ಕೆಟ್ಟಿಗೆ ಹೋಗುತ್ತಿದ್ದ ಹೆಂಗಸು. ಬಲಗೈ ಮುರಿಯಿತು.

ಎಲ್ಲಿ ತಪ್ಪಿತು ಎಂದು ತಿಳಿಯಲು ನಾನು ರಸ್ತೆ ಅಗೆಸಿ ಮಣ್ಣು ತಂದೆ. ಅದರಲ್ಲಿ ಸುಣ್ಣದ ಕಸುವೇ ಇರಲಿಲ್ಲ. ಹರಿಹರಕ್ಕೆ ಹೋಗಿ ವಿಚಾರಿಸಿದಾಗ ಗೊತ್ತಾಯಿತು: ನಾನು ಪರೀಕ್ಷೆಗೆ ತಂದದ್ದು ಹೊಂಡದ ಹೊಸ ಕೆಸರು. ಗುತ್ತಿಗೆದಾರನ ಟ್ರ್ಯಾಕ್ಟರುಗಳು ತುಂಬಿಕೊಂಡು ಬಂದದ್ದು ಪಕ್ಕದಲ್ಲಿ ವರ್ಷಗಟ್ಟಲೆ ಬಿಸಿಲು ಗಾಳಿಗೆ ಬಿದ್ದಿದ್ದ ಒಣ ಗುಡ್ಡೆ. ಒಣಗಿದ್ದು ತುಂಬಲು ಸುಲಭ, ಸುರಿಯಲು ಸುಲಭ. ಆದರೆ ಗಾಳಿಗೆ ಬಿದ್ದ ಸುಣ್ಣ ಸತ್ತು ಬಳಪದ ಪುಡಿಯಾಗಿರುತ್ತದೆ. ಬಣ್ಣ ಒಂದೇ, ಗುಣ ಬೇರೆ. ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಗುಡ್ಡೆ ಬಿಳಿ ಇತ್ತು, ತುಂಬಿದರು, ಅಷ್ಟೇ.

ಕಚೇರಿಯಲ್ಲಿ ಎಲ್ಲರಿಗೂ ಮಾತಾಡಲು ವಿಷಯ ಸಿಕ್ಕಿತು. "ಬೂದಿ ಸಾಹೇಬರು ರಸ್ತೆಯನ್ನೂ ಬೂದಿ ಮಾಡಿದರು" ಎಂದು ನಗುತ್ತಿದ್ದರು. ಮೇಲಿನಿಂದ ವಿವರಣೆ ಕೇಳಿದರು. ಗುತ್ತಿಗೆದಾರನ ತಲೆಗೆ ಕಟ್ಟಿದ್ದರೆ ಸಾಹೇಬರು ಸಲೀಸಾಗಿ ಪಾರಾಗುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. "ಟ್ರ್ಯಾಕ್ಟರ್ ನಿಲ್ಲಿಸಿ ನೋಡ್ಬೇಕಾದೋನು ನಾನು" ಎಂದು ಹೇಳಿ ಬಂದರು. ಮರುದಿನ ನನ್ನನ್ನು ಕರೆದು, "ನಡಿಯಮ್ಮ, ಗಂಗಮ್ಮನ ಮನೆಗೆ ಹೋಗಾನ," ಎಂದರು.

ಮನೆ ರಸ್ತೆಗೇ ಹೊಂದಿಕೊಂಡಿತ್ತು. ಗಂಗಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಏಳಲಿಲ್ಲ. ಒಳಗಿನಿಂದ ಸೊಸೆ ಬಂದು, "ಕೂಡ್ರಿ" ಎಂದಳು. ಸಾಹೇಬರು ನಿಂತೇ ಇದ್ದರು.

"ತಪ್ಪು ನಮ್ದಮ್ಮ," ಎಂದರು. "ಏನು ತಪ್ಪು ಅಂತ ಈಗ ಗೊತ್ತಾಗೈತೆ. ಇನ್ನೊಂದು ಸಲ ಮಾಡಾಕೆ ಬಿಡ್ಬೇಕು."

"ನಿಮ್ಮ ಬೂದಿ ನೀವೇ ಇಟ್ಕಳ್ರಿ ಸಾಹೇಬ್ರೆ. ನಮಗೆ ಬ್ಯಾಡ. ಮೊದ್ಲಿನ ಕೆಸರೇ ಚಲೋ ಇತ್ತು. ಅದು ಕೆಸರು ಅಂತ ಗೊತ್ತಿತ್ತು, ನೋಡಿ ಗಾಡಿ ಬಿಡ್ತಿದ್ದೆ. ನೀವು ಮ್ಯಾಲೆ ಕಪ್ಪು ಬಳಿದು ರಸ್ತೆ ಅಂದ್ರಿ. ನಂಬಿ ಹೋದೆ."

ಸಾಹೇಬರು ತಲೆ ತಗ್ಗಿಸಿಕೊಂಡು ಕಟ್ಟೆಯ ತುದಿಯಲ್ಲಿ ಕೂತರು. ಸೊಸೆ ಟೀ ತಂದಿಟ್ಟಳು. ಅದು ಆರಿತು. ನಾನು ಎದ್ದು ಹೊರಡೋಣವೇ ಎಂದು ಅವರ ಮುಖ ನೋಡಿದೆ. ಅವರು ಅಲುಗಲಿಲ್ಲ.

ಕೊನೆಗೆ ಗಂಗಮ್ಮನೇ ಕೇಳಿದರು: "ಈ ಸಲ ಕೆಡಂಗಿಲ್ಲ ಅಂತ ಹೆಂಗೆ ಹೇಳ್ತೀರಿ?"

"ಕೆಡಂಗಿಲ್ಲ ಅಂತ ಹೇಳಾಕೆ ಬಂದಿಲ್ಲಮ್ಮ. ಈ ಸಲ ಪ್ರತಿ ಗಾಡಿ ನಿಲ್ಲಿಸಿ ನೋಡ್ತೀವಿ ಅಂತ ಹೇಳಾಕೆ ಬಂದೀನಿ."

ಗಂಗಮ್ಮ ರಸ್ತೆಯ ಕಡೆ ನೋಡಿದರು. "ಹಂಗಾದ್ರೆ ನಮ್ಮ ಮನಿ ಮುಂದಿಂದ ಶುರು ಮಾಡ್ರಿ. ಕೆಟ್ರೆ ನನ್ನ ಕಣ್ಣೆದುರಿಗೇ ಕೆಡ್ಲಿ."

ಮುಂದಿನ ಬೇಸಿಗೆ ಪೂರ್ತಿ ನಾನು ಆ ರಸ್ತೆಯಲ್ಲೇ ಕಳೆದೆ. ಸುಣ್ಣ ಬದುಕಿದೆಯೋ ಸತ್ತಿದೆಯೋ ತಿಳಿಯಲು ಒಂದು ದಾರಿ ಇದೆ. ಸ್ವಲ್ಪ ಆಸಿಡ್ ಹನಿಸಬೇಕು. ಸತ್ತ ಸುಣ್ಣ ಬುಸುಗುಟ್ಟಿ ನೊರೆ ಏಳುತ್ತದೆ, ಹೊಸ ಸುಣ್ಣ ಹಾಗೆ ಏಳುವುದಿಲ್ಲ. ಹರಿಹರದಿಂದ ಬಂದ ಪ್ರತಿ ಟ್ರ್ಯಾಕ್ಟರನ್ನೂ ನಿಲ್ಲಿಸಿ ಹನಿಸಿ ನೋಡಿದೆ. ನೊರೆ ಎದ್ದರೆ ವಾಪಸ್. ಚಾಲಕರು ನನಗೆ "ನೊರೆ ಮೇಡಂ" ಎಂದು ಹೆಸರಿಟ್ಟರು. ದೂರದಿಂದ ನನ್ನ ಕೊಡೆ ಕಂಡರೆ ಗಾಡಿ ನಿಧಾನ ಮಾಡುತ್ತಿದ್ದರು. ಗಂಗಮ್ಮನೂ ಕೈ ನೆಟ್ಟಗಾದ ಮೇಲೆ ಮಾರ್ಕೆಟ್ಟಿನಿಂದ ಬಂದು ನನ್ನ ಪಕ್ಕ ನಿಲ್ಲುತ್ತಿದ್ದರು. "ಇದು ಬುಸ್ ಅಂತು, ಕಳಸ್ರಿ ಹಿಂದಕ್ಕೆ," ಎಂದು ನನಗಿಂತ ಮೊದಲೇ ಹೇಳುತ್ತಿದ್ದರು.

ಸುಣ್ಣಕ್ಕೆ ಕೈಯ ಚರ್ಮ ಸುಲಿಯುತ್ತಿತ್ತು. ಹೊಸಬರು ಕೈಗವಸು ಇಲ್ಲದೆ ಮುಟ್ಟಬೇಡಿ. ನಮಗೆ ಆಗ ಕೊಡುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಮಧ್ಯಾಹ್ನ ಗಂಗಮ್ಮನ ಸೊಸೆ ಕೊಬ್ಬರಿ ಎಣ್ಣೆ ತಂದು ಕೊಡುತ್ತಿದ್ದಳು. ಹಚ್ಚಿಕೊಂಡು, ಬೇವಿನ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆವು. ಸಾಹೇಬರು, ನಾನು, ರೋಲರ್ ಓಡಿಸುವವನು, ಬೂದಿಯ ಲಾರಿಯ ಜೊತೆ ಬಂದ ಖಾಸಿಂ ಸಾಬರು. ನಮ್ಮ ಮೈಯೆಲ್ಲ ಬೆಳ್ಳುಳ್ಳಿ ವಾಸನೆ. ಯಾರ ರೊಟ್ಟಿಗೆ ಯಾರ ಚಟ್ನಿ ಎಂದು ತಿಳಿಯುತ್ತಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಮತ್ತೆ ಬೇಕು ಅನ್ನಿಸುವುದು ಯಾವುದು ಎಂದು ಕೇಳಿದರೆ ಆ ಬೇವಿನ ನೆರಳಿನ ಮಧ್ಯಾಹ್ನಗಳು. ಆಗ ಅವು ಮುಗಿಯಲಿ ಎಂದು ಕಾಯುತ್ತಿದ್ದೆ. ಬಿಸಿಲು ಅಷ್ಟಿತ್ತು.

ಡಾಂಬರು ಹಾಕಿ ಮುಗಿಯುತ್ತಿದ್ದಂತೆ ಸಾಹೇಬರಿಗೆ ವರ್ಗವಾಯಿತು. ಬಹಳ ದೂರ, ಉತ್ತರದ ಒಂದು ಜಿಲ್ಲೆಗೆ. ಮಳೆ ಇನ್ನೂ ಬಂದಿರಲಿಲ್ಲ. ಅವರು ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಏನಾದರೂ ಹೇಳುತ್ತಾರೆಂದು ಕಾದೆ. "ರಸ್ತೆ ಬದಿಗೆ ನೀರು ನಿಲ್ಲದಂಗೆ ನೋಡ್ಕೋ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಮೊದಲ ದೊಡ್ಡ ಮಳೆ ಬಂದ ಸಂಜೆ ಅವರ ಫೋನು ಬಂತು. "ದಾವಣಗೆರಿಯಾಗೆ ಮಳೆಯಂತೆ?"

"ಹೌದು ಸರ್. ಜೋರಾಗಿದೆ."

"ರಸ್ತೆ ಹೆಂಗೈತೆ?"

"ಬೆಳಿಗ್ಗೆ ಹೋಗಿ ನೋಡ್ತೀನಿ ಸರ್."

ಬೆಳಿಗ್ಗೆ ನಾನು ಸ್ಕೂಟರಿನಲ್ಲಿ ಹೋದೆ. ಹೊಲಗಳಲ್ಲಿ ನೀರು ನಿಂತಿತ್ತು. ರಸ್ತೆ ಮಾತ್ರ ತೊಳೆದು ಬಿಟ್ಟಂತೆ ಇತ್ತು. ಒಂದು ಬಿರುಕಿಲ್ಲ. ಗಂಗಮ್ಮನ ಮನೆಯ ಮುಂದೆ ಇಳಿದು ಸಾಹೇಬರಿಗೆ ಫೋನು ಮಾಡಿದೆ. "ಚೆನ್ನಾಗಿದೆ ಸರ್," ಎಂದೆ. ಅವರಿಗೆ ಸಾಕಾಗಲಿಲ್ಲ.

"ಗಾಡಿ ಯಾವುದಾರ ಬರ್ತೈತಾ?"

"ಹಾಲಿನ ಗಾಡಿ ಬರ್ತಾ ಇದೆ ಸರ್."

"ಫೋನು ಕೆಳಗೆ ಹಿಡಿಯಮ್ಮ. ಸದ್ದು ಕೇಳ್ತೀನಿ."

ನಾನು ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನನ್ನು ನೆಲದ ಹತ್ತಿರ ಹಿಡಿದೆ. ಹಾಲಿನ ಗಾಡಿ ಎಲ್ಲೂ ತಡವರಿಸದೆ, ಒಂದೇ ಸಮನೆ ಸರ್ರನೆ ಹಾದುಹೋಯಿತು. ಫೋನನ್ನು ಕಿವಿಗೆ ಇಟ್ಟೆ. "ಇನ್ನೊಂದು ಗಾಡಿ ಬರ್ಲಿ, ಕಾಯ್ತೀನಿ" ಎಂದರು.

ಆ ಮಳೆಗಾಲವೆಲ್ಲ ಹೀಗೇ ನಡೆಯಿತು. ಮುಂದಿನ ಮಳೆಗಾಲದಲ್ಲೂ ರಸ್ತೆ ಗಟ್ಟಿಯಾಗಿ ನಿಂತಿತು. ಖಾಸಿಂ ಸಾಬರು ಹೇಳಿದಂತೆ ಹೆಂಡತಿಯನ್ನು ಆಟೋದಲ್ಲಿ ಕರೆದುಕೊಂಡು ಬಂದು ಆ ತುದಿಯಿಂದ ಈ ತುದಿಯವರೆಗೆ ಓಡಾಡಿಸಿದರು. ಆಕೆ ಇಳಿದು ಚಪ್ಪಲಿಯಿಂದ ಡಾಂಬರನ್ನು ಒದ್ದು ನೋಡಿ, "ಇದರ ಕೆಳಗ ನಮ್ಮ ಬೂದಿನಾ?" ಎಂದು ಕೇಳಿದರು. ನಂಬಲಿಲ್ಲ ಎಂದೇ ಕಾಣುತ್ತದೆ.

ಸಾಹೇಬರು ಅಲ್ಲಿಯೇ ನಿವೃತ್ತರಾದರು. ಬರುತ್ತೇನೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಒಂದು ದಿನ ನಾನು ಯಾವುದೋ ತಪಾಸಣೆಗೆ ಆ ಕಡೆ ಹೋದಾಗ ಗಂಗಮ್ಮ ನನ್ನನ್ನು ತಡೆದು ನಿಲ್ಲಿಸಿದರು.

"ಮೇಡಂ, ನಿಮ್ಮ ಸಾಹೇಬ್ರು ಬಂದಿದ್ರು. ಹೋದ ವಾರ. ದಾವಣಗೆರಿಯಾಗೆ ಯಾರದೋ ಮದ್ವಿ ಇತ್ತಂತೆ."

"ನನಗೆ ಹೇಳಲೇ ಇಲ್ವಲ್ಲ."

"ಹೇಳಬ್ಯಾಡ ಅಂದ್ರು. ಹೇಳಿದ್ರೆ ಕೆಲ್ಸ ಬಿಟ್ಟು ಓಡಿ ಬರ್ತಾಳೆ ಅಂದ್ರು. ಭಾಳ ಸೊರಗ್ಯಾರೆ ಮೇಡಂ. ಕೋಲು ಹಿಡ್ಕಂಡು ರಸ್ತೆ ತುದಿ ತನ್ಕ ಹೋದ್ರು, ಬಂದ್ರು. ಇಲ್ಲೇ ಕಟ್ಟಿ ಮ್ಯಾಲೆ ಕುಂತು ಟೀ ಕುಡುದ್ರು."

"ಏನಂದ್ರು?"

"ನನ್ನ ಕೈ ಹಿಡ್ದು ತಿರುಗಿಸಿ ನೋಡಿದ್ರು. ಮಳಿಗಾಲದಾಗೆ ನೋಯ್ತೈತಾ ಅಂತ ಕೇಳಿದ್ರು. ಇಲ್ರಿ ಅಂದೆ. ನೋಯ್ತೈತೆ, ಆದ್ರೂ ಇಲ್ಲ ಅಂದೆ."

ಸೊರಗಿದ್ದನ್ನು ನಾನು ನೋಡಬಾರದು ಎಂದಿರಬಹುದು. ಇರಲಿ, ನಾನು ಓಡಿ ಹೋಗುತ್ತಿದ್ದೆ ಎಂಬುದಂತೂ ನಿಜ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದೆವು. ಬಂದಿದ್ದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ಮಳೆಗಾಲದಲ್ಲಿ ಅವರ ಫೋನು ಬರಲಿಲ್ಲ. ನಾನೇ ಮಾಡಿದಾಗ ಮಗಳು ಎತ್ತಿದಳು. ತೀರಿಕೊಂಡು ತಿಂಗಳಾಗಿತ್ತು.

ಆ ರಸ್ತೆಯ ಮಾದರಿಯಲ್ಲಿ ಇನ್ನೂ ಕೆಲವು ತುಂಡುಗಳನ್ನು ಮಾಡಿದೆವು. ಆಮೇಲೆ ಮಾಡಲು ವಸ್ತು ಸಿಗಲಿಲ್ಲ. ಭಟ್ಟಿಗಳಿಗೆ ಅಗ್ಗವಾಗಿ ಸಿಗುತ್ತಿದ್ದ ಹೊಟ್ಟು ಎಲ್ಲರಿಗೂ ಬೇಕಾಯಿತು. ರೈಸ್ ಮಿಲ್ಲಿನವರೇ ತಮ್ಮ ಬಾಯ್ಲರಿಗೆ ಉರಿಸತೊಡಗಿದರು, ಇಟ್ಟಿಗೆ ಗೂಡಿನವರು ಕೊಂಡೊಯ್ದರು. ಭಟ್ಟಿಗಳು ಒಂದೊಂದಾಗಿ ಕಡಿಮೆಯಾದವು. ಖಾಸಿಂ ಸಾಬರು ಭಟ್ಟಿ ನಿಲ್ಲಿಸಿ ನಿಟ್ಟುವಳ್ಳಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾರೆ. ಕಣ್ಣಿನ ಕೆಂಪು ಹೋಗಿದೆ. ಮೊದಲ ಬಾರಿ ನೋಡಿದಾಗ ಬೇರೆ ಯಾರೋ ಅಂದುಕೊಂಡೆ. ಹರಿಹರದ ಆ ಗ್ಯಾಸಿನ ಕಾರ್ಖಾನೆಯೂ ಮುಚ್ಚಿತು. ಹೊಂಡದ ಜಾಗದಲ್ಲಿ ಈಗ ಗೋದಾಮು.

ಆವರಗೆರೆ ಬೆಳೆದು ಊರಿಗೆ ಸೇರಿಕೊಳ್ಳುತ್ತಿದೆ. ನಾನು ನಿವೃತ್ತಳಾದ ಮೇಲೆ ಆ ರಸ್ತೆಯನ್ನು ಅಗಲ ಮಾಡಲು ಅಗೆದರು. ಸುದ್ದಿ ತಿಳಿದು ನೋಡಲು ಹೋದೆ. ಜೆಸಿಬಿಯವನು ಒಂದು ಕಡೆ ನಿಲ್ಲಿಸಿಕೊಂಡು, ಕೆಳಗೆ ಯಾವುದೋ ಹಳೆಯ ಕಾಂಕ್ರೀಟು ಇದೆ, ಬಕೆಟ್ಟಿನ ಹಲ್ಲು ಇಳಿಯುತ್ತಿಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಅದು ಕಾಂಕ್ರೀಟಲ್ಲ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಬೇಡವೆನ್ನಿಸಿತು. ಹೇಳಿದರೆ ಖುಷಿಪಡಬೇಕಾದವರು ಅಲ್ಲಿರಲಿಲ್ಲ. ಗಂಗಮ್ಮನ ಕಟ್ಟೆಯೂ ರಸ್ತೆಗೆ ಹೋಗಿತ್ತು. ಅವರು ಮಗಳ ಊರಿಗೆ ಹೋಗಿದ್ದಾರೆ ಎಂದು ಪಕ್ಕದವರು ಹೇಳಿದರು.

ಈಚೆಗೆ ಸುಷ್ಮಾ ಫೋನು ಮಾಡಿದಳು. ನನ್ನ ಕೊನೆಯ ವರ್ಷಗಳಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ, ಈಗ ಹರಿಹರದ ಕಡೆ ರಸ್ತೆ ಮಾಡಿಸುತ್ತಿದ್ದಾಳೆ. ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸಿದ ಮೇಲೆ ಉಳಿಯುವ ಕಿಟ್ಟವನ್ನು ನುಣ್ಣಗೆ ಪುಡಿ ಮಾಡಿ ಎರೆ ಮಣ್ಣಿಗೆ ಬೆರೆಸುತ್ತಿದ್ದಾರಂತೆ. "ಬಂದು ನೋಡ್ರಿ ಮೇಡಂ, ಪ್ಲೀಸ್," ಎಂದಳು. ಹೋದೆ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ದೊಡ್ಡದೊಂದು ಯಂತ್ರ ಉಳುವುದು, ಬೆರೆಸುವುದು, ನೀರು ಹನಿಸುವುದು ಎಲ್ಲವನ್ನೂ ಒಂದೇ ಓಟದಲ್ಲಿ ಮಾಡುತ್ತಾ ಹೋಗುತ್ತಿತ್ತು. ಸುಷ್ಮಾ ಅದರ ಹಿಂದೆಯೇ ಓಡುತ್ತಿದ್ದಳು. ಅವಳ ಕೈಯಲ್ಲಿ ಗವಸು ಇತ್ತು. ಸಮಾಧಾನವಾಯಿತು.

ನಾನು ಬಗ್ಗಿ ಕಲಸಿದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡೆ. ಹದವಾಗಿತ್ತು. ಹಿಚುಕಿ, ಬಿಟ್ಟು, ಮತ್ತೆ ಹಿಚುಕುತ್ತಾ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ.

"ಅಮ್ಮಾರ, ಈ ಕಡೆ ಬರ್ರಿ," ಎಂದು ಹಸಿರು ಜಾಕೆಟ್ಟಿನ ಕೆಲಸಗಾರನೊಬ್ಬ ಕೂಗಿದ. "ರೋಲರ್ ಬರ್ತೈತೆ. ಹೊರಗಿನೋರು ಅಲ್ಲಿ ನಿಲ್ಲಂಗಿಲ್ಲ."

ಸುಷ್ಮಾ ಗಾಬರಿಯಿಂದ ಅವನ ಕಡೆ ತಿರುಗಿದಳು, ನಾನು ಯಾರೆಂದು ಹೇಳಲು. ಬೇಡ ಎಂದು ನಾನು ಕೈ ಆಡಿಸಿದೆ. ಅವನು ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು.

"ಬಂದೆನಪ್ಪಾ," ಎಂದು, ಕೆಲಸದ ಜಾಗಕ್ಕೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಆಚೆ ಬಂದು ನಿಂತುಕೊಂಡೆ. ರೋಲರ್ ನಾನು ನಿಂತಿದ್ದ ಜಾಗದ ಮೇಲೆ ಹಾದು, ನನ್ನ ಹೆಜ್ಜೆ ಗುರುತುಗಳನ್ನು ಸಮ ಮಾಡಿಕೊಂಡು ಮುಂದೆ ಹೋಯಿತು.